ಕಮಾನಿನ ಹಿಂದೆ ನಮ್ಮ ಊರು

ಸರಣಿ: ಕರಾವಳಿಯ ಕಲ್ಲುಗಳು. ಈ ಸಲ ಒಂದೇ ವಿಷಯ, ಏಳು ಪೋಸ್ಟ್. ಕ್ಯಾಪ್ಶನ್ ಉದ್ದ ಇದೆ, ಸಾವಕಾಶ ಓದಿ.

1
ಮೊದಲನೇ ಫೋಟೋ ನಾನು ತೆಗೆದದ್ದಲ್ಲ. ಅಕ್ಕನ ಮಗ ಇಟಲಿಯ ಮಿಲಾನ್‌ನಲ್ಲಿ ಓದ್ತಾ ಇದ್ದಾನೆ. ಸಂಜೆ ಬೆಳಕಿನಲ್ಲಿ ಬೆಳ್ಳಗೆ ಹೊಳೆಯುವ ಒಂದು ಕಮಾನು, ಮೇಲೆ ಆರು ಕುದುರೆಗಳ ರಥ. ಕೆಳಗೆ ಒಂದೇ ಸಾಲು ಬರೆದಿದ್ದ: "ಮಾಮಾ, ಇಂಥದ್ದು ನಮ್ಮ ಕಡೆ ಎಲ್ಲಾದ್ರೂ ಇದ್ಯಾ?"

ಅದರ ಹೆಸರು ಆರ್ಕೊ ದೆಲ್ಲಾ ಪಾಚೆ, ಅಂದ್ರೆ ಶಾಂತಿಯ ಕಮಾನು. ಹೆಸರು ಕೇಳಿ ಮೋಸ ಹೋಗಬೇಡಿ. 1807ರಲ್ಲಿ ಕೆಲಸ ಶುರುವಾದದ್ದು ನೆಪೋಲಿಯನ್ನನ ವಿಜಯಕ್ಕಾಗಿ. ನಕ್ಷೆ ಲುಯಿಜಿ ಕಾನ್ಯೋಲ ಎಂಬ ವಾಸ್ತುಶಿಲ್ಪಿಯದು, ಮಾದರಿ ಹಳೇ ರೋಮಿನ ವಿಜಯದ ಕಮಾನುಗಳದ್ದು. 1814ರಲ್ಲಿ ನೆಪೋಲಿಯನ್ ಬಿದ್ದ, ಕೆಲಸ ಅರ್ಧಕ್ಕೆ ನಿಂತಿತು. ಆಮೇಲೆ ಬಂದ ಆಸ್ಟ್ರಿಯಾದ ಚಕ್ರವರ್ತಿ 1826ರಲ್ಲಿ ಮತ್ತೆ ಶುರು ಮಾಡಿಸಿ ಅದಕ್ಕೆ "ಶಾಂತಿ" ಅಂತ ಹೆಸರಿಟ್ಟ. 1838ಕ್ಕೆ ಮುಗಿಯಿತು. ಮೇಲಿನ ಕುದುರೆಗಳ ಬಾಲ ಫ್ರಾನ್ಸಿನ ಕಡೆಗೆ ಇರಲಿ ಅಂತಲೇ ಅವುಗಳ ಮುಖ ತಿರುಗಿಸಿದರು ಅನ್ನೋದು ಆ ಊರಿನ ತಮಾಷೆ. 1859ರಲ್ಲಿ ಆಸ್ಟ್ರಿಯಾದವರು ಸೋತು ಹೋದರು, ಅದೇ ಕಮಾನಿನ ಮೇಲಿನ ಬರಹ ಮತ್ತೆ ಬದಲಾಯಿತು. ಕಲ್ಲು ಒಂದೇ, ಗೆದ್ದವರು ಮೂರು ಮಂದಿ.

ಹುಡುಗನಿಗೆ ಏನು ಹೇಳೋದು? ಭಟ್ಕಳದಿಂದ ಕುಮಟೆಯವರೆಗೆ ಇಂಥ ಕಮಾನು ಒಂದೂ ಇಲ್ಲ. ಆದರೆ ನಮ್ಮಿಂದ ರೈಲಿನಲ್ಲಿ ಕೆಲವೇ ತಾಸು ದೂರದಲ್ಲಿ ಒಂದಿದೆ. ಅದರ ಕಥೆಯಲ್ಲಿ ಹೊನ್ನಾವರ, ಭಟ್ಕಳ ಎರಡೂ ಇವೆ. ಕಲ್ಲಿನ ಮೇಲೆ ಮಾತ್ರ ಆ ಹೆಸರುಗಳಿಲ್ಲ.

2
ಗೋವಾಕ್ಕೆ ನಾವು ಹೋಗೋದು ಕುಲದೇವರ ಕೆಲಸಕ್ಕೆ. ನಮ್ಮಂಥ ಕೊಂಕಣಿ ಮನೆಗಳಿಗೆ ಇದು ಗೊತ್ತಿದ್ದದ್ದೇ. ಮಂಗೇಶಿ, ಮ್ಹಾರ್ದೋಳ, ಕವಳೆ, ಒಂದು ಅಭಿಷೇಕ, ಒಂದು ಊಟ, ಸಂಜೆ ರೈಲು. ಈ ಸಲ ಆಯಿಯನ್ನು ಒಪ್ಪಿಸಿ ವಾಪಸು ಬರುವಾಗ ಓಲ್ಡ್ ಗೋವಾದಲ್ಲಿ ಇಳಿದೆ. ಬಾಮ್ ಜೇಸುಸ್ ಇಗರ್ಜಿಯ ಎದುರು ಜನವೋ ಜನ. ಅಲ್ಲಿಂದ ದಿವಾಡಿಯ ಫೆರಿ ಕಡೆಗೆ ಇಳಿಯುವ ದಾರಿಯಲ್ಲಿ ಮಾತ್ರ ಯಾರೂ ಇಲ್ಲ. ಆ ದಾರಿಯ ಮೇಲೇ ನಿಂತಿದೆ ವೈಸರಾಯ್ ಕಮಾನು (ಎರಡನೇ ಫೋಟೋ). ಈಗಲೂ ಸ್ಕೂಟರು, ಕಾರು ಅದರ ಹೊಟ್ಟೆಯೊಳಗಿಂದಲೇ ಹೋಗ್ತವೆ.

ಮಿಲಾನ್‌ನದ್ದರ ಮುಂದೆ ಇದು ಸಣ್ಣದು, ನಿಜ. ಅದಕ್ಕಿಂತ ಎರಡು ಶತಮಾನ ಹಳೆಯದು ಅನ್ನೋದೂ ನಿಜ. ಕಟ್ಟಿಸಿದವನು ಫ್ರಾನ್ಸಿಸ್ಕೊ ದ ಗಾಮ, 1597ರಿಂದ 1600ರವರೆಗೆ ಇಲ್ಲಿನ ವೈಸರಾಯ್, ವಾಸ್ಕೊ ದ ಗಾಮನ ಮರಿಮಗ. ಮುತ್ತಜ್ಜ ಸಮುದ್ರದ ದಾರಿ ಕಂಡು ನೂರು ವರ್ಷ ತುಂಬಿದ ನೆನಪಿಗೆ ಎಬ್ಬಿಸಿದ್ದು. ಹೊಸ ವೈಸರಾಯ್ ಹಡಗಿನಿಂದ ಇಳಿದರೆ ಇದರ ಅಡಿಯಿಂದಲೇ ಊರೊಳಗೆ ಬರಬೇಕು, ಇಲ್ಲೇ ಅವನ ಕೈಗೆ ಊರಿನ ಬೀಗದ ಕೈ ಕೊಡಬೇಕು. ಅದು ಪದ್ಧತಿ.

ಹೊಳೆಯ ಕಡೆಯಿಂದ ನೋಡಿದರೆ ಮೇಲಿನ ಗೂಡಿನಲ್ಲಿ ವಾಸ್ಕೊ ನಿಂತಿದ್ದಾನೆ. ಜಿಂಕೆಯ ಗುರುತೂ ಇದೆ, ಪೋರ್ಚುಗೀಸಿನಲ್ಲಿ ಗಾಮ ಅಂದ್ರೆ ಜಿಂಕೆ ಜಾತಿಯ ಪ್ರಾಣಿ. ಊರಿನ ಕಡೆಯಿಂದ ನೋಡಿದರೆ ಕತ್ತಿ ಹಿಡಿದ ಒಬ್ಬ ಹೆಂಗಸು, ಅವಳ ಕಾಲಡಿ ಬಿದ್ದ ಒಬ್ಬ ಮನುಷ್ಯ. ಅವಳು ಸಂತ ಕ್ಯಾಥರೀನ್, ಬಿದ್ದವನು ಸೋತ ಆದಿಲ್ ಶಾಹಿ ಅಂತ ಅರ್ಥ ಹೇಳ್ತಾರೆ. ಒಳಗೋಡೆಯಲ್ಲಿ 1656ರ ಬರಹ ಒಂದಿದೆ, ಪೋರ್ಚುಗಲ್ 1640ರಲ್ಲಿ ಸ್ಪೇನಿನ ಕೈಯಿಂದ ಬಿಡಿಸಿಕೊಂಡದ್ದಕ್ಕೆ. ಕಮಾನು ಎಬ್ಬಿಸುವಾಗ ಅವರ ರಾಜ ಸ್ಪೇನಿನವನೇ ಆಗಿದ್ದ. ಮಿಲಾನ್ ಕಥೆ ನೆನಪಾಯ್ತಲ್ಲ?

ಆಯಿ ಗೋಡೆ ಮುಟ್ಟಿ ನೋಡಿದಳು. "ಇದು ನಮ್ಮ ಚಿರೆಕಲ್ಲೇ ಅಲ್ದಾ?" ಹೌದು, ನಮ್ಮ ಮನೆಯ ಅಡಿಪಾಯದ್ದೇ ಕಲ್ಲು. ಆಮೇಲೆ ಮೇಲೆ ನೋಡಿ, "ಅದು ಯಾವ ದೇವರು?" ಅಂದಳು. ದೇವರಲ್ಲ ಆಯಿ, ವಾಸ್ಕೊ ದ ಗಾಮ ಅಂದೆ. "ಓ, ಶಾಲೆಯಲ್ಲಿ ಇದ್ದನಲ್ಲ" ಅಂತ ಹೇಳಿ ನೆರಳು ಹುಡುಕಿಕೊಂಡು ಕೂತಳು.

3
ಶಾಲೆಯಲ್ಲಿ ನಮಗೂ ಇದ್ದ. 1498, ಕಲ್ಲಿಕೋಟೆ, ಸಮುದ್ರ ಮಾರ್ಗ, ಎರಡು ಮಾರ್ಕು. ಅವನು 1502ರಲ್ಲಿ ಎರಡನೇ ಸಲ ಬಂದಾಗ ನಮ್ಮ ಕಡಲಲ್ಲಿ ಏನು ಮಾಡಿದ ಅಂತ ಯಾವ ಮಾಸ್ತರೂ ಹೇಳಲಿಲ್ಲ.

ಗಾಸ್ಪಾರ್ ಕೊರೆಯ ಅನ್ನುವ ಪೋರ್ಚುಗೀಸ್ ಬರಹಗಾರ ಅದನ್ನು ಬರೆದಿಟ್ಟಿದ್ದಾನೆ. ಹೊನ್ನಾವರದ ಬಾಯಲ್ಲಿದ್ದ ಹಡಗುಗಳನ್ನು ಸುಟ್ಟರು. ಆಮೇಲೆ ಭಟ್ಕಳ. ಅಲ್ಲಿನ ಅರಸ ಹೊಡೆದಾಟಕ್ಕಿಂತ ಒಪ್ಪಂದವೇ ಲೇಸು ಅಂದುಕೊಂಡ. ಒಪ್ಪಂದ ಏನು? ವರ್ಷಕ್ಕೆ 1000 ಹೇರು ಸಾಮಾನ್ಯ ಅಕ್ಕಿ ಹಡಗಿನ ಆಳುಗಳಿಗೆ, 500 ಹೇರು ಒಳ್ಳೆ ಅಕ್ಕಿ ಕಪ್ತಾನರಿಗೆ. ತುರ್ಕರನ್ನು ಬಂದರಿಗೆ ಸೇರಿಸಬಾರದು, ಕಾಳುಮೆಣಸಿನ ವ್ಯಾಪಾರ ಮಾಡಬಾರದು, ಕಲ್ಲಿಕೋಟೆಗೆ ಹಡಗು ಕಳಿಸಬಾರದು.

ಆ ಅಕ್ಕಿಯ ಲೆಕ್ಕ ನನ್ನ ತಲೆಯಿಂದ ಹೋಗೋದೇ ಇಲ್ಲ. ಎರಡು ತರದ ಅಕ್ಕಿ, ಆಳಿಗೆ ಒಂದು, ಸಾಹುಕಾರನಿಗೆ ಒಂದು. ನಮ್ಮ ಗದ್ದೆಯ ಕೆಂಪು ಕುಚ್ಚಲಕ್ಕಿ ಯಾವ ಪಾಲಿಗೆ ಹೋಗಿರಬಹುದು?

ಕಪ್ಪ ನಿಂತಿತು, ಹೇಳಿದ ಮಾತು ಕೇಳಲಿಲ್ಲ ಅಂತ 1542ರಲ್ಲಿ ಗವರ್ನರ್ ಮಾರ್ಟಿಮ್ ಅಫೊನ್ಸೊ ದ ಸೌಜ ಹಡಗುಪಡೆ ತಂದು ಭಟ್ಕಳ ಸುಟ್ಟ. ಲೂಟಿ ಹಂಚಿಕೊಳ್ಳುವಾಗ ಅವನ ಸಿಪಾಯಿಗಳೇ ತಮ್ಮೊಳಗೆ ಹೊಡೆದಾಡಿದರಂತೆ. ಆಗ ಭಟ್ಕಳದಲ್ಲಿ ಆಳುತ್ತಿದ್ದವಳು ಒಬ್ಬ ರಾಣಿ. ಮೂಡಭಟ್ಕಳದ ಕೇತಪೈ ನಾರಾಯಣ ದೇವಸ್ಥಾನ ಎದ್ದದ್ದೂ ಆ ಶತಮಾನದಲ್ಲೇ. ಸುಟ್ಟ ಊರು ಅಷ್ಟು ಬೇಗ ಅಷ್ಟು ಚಂದದ ಕೆತ್ತನೆ ಮಾಡಿಸಿತು ಅಂದ್ರೆ ಅಲ್ಲಿ ಎಷ್ಟು ದುಡ್ಡು ಓಡಾಡ್ತಿತ್ತು ನೋಡಿ. ಅದರ ಗೋಡೆಯ ಸಾಲು ಶಿಲ್ಪ ಮೂರನೇ ಫೋಟೋದಲ್ಲಿದೆ.

4
ಈಗ ಈ ಸರಣಿಯ ಕಷ್ಟದ ಭಾಗ. ಹೊನ್ನಾವರದ ತಿಮ್ಮಯ್ಯ.

ಪೋರ್ಚುಗೀಸರು ಅವನನ್ನು "ತಿಮೋಜ" ಅಂತ ಬರೆದರು. ಹೊನ್ನಾವರವನ್ನು ನೆಲೆ ಮಾಡಿಕೊಂಡಿದ್ದ ಹಡಗುಪಡೆಯ ನಾಯಕ. ಕೆಲವು ಕಡೆ ಕಡಲ್ಗಳ್ಳ ಅಂತ ಬರುತ್ತೆ, ಕೆಲವು ಕಡೆ ವಿಜಯನಗರದ ಕಡೆಯವ ಅಂತ ಬರುತ್ತೆ. ಆ ಕಾಲದಲ್ಲಿ ಎರಡಕ್ಕೂ ನಡುವೆ ಗೆರೆ ದಪ್ಪ ಇರಲಿಲ್ಲ. 1505ರಲ್ಲಿ ವೈಸರಾಯ್ ಅಲ್ಮೇದ ಹೊನ್ನಾವರದ ಮೇಲೆ ಬಿದ್ದು ಹಡಗು ಸುಟ್ಟಾಗ ರಾಜಿ ಮಾತಾಡಲು ಮುಂದೆ ಬಂದವನೂ ಇವನೇ.

1510ರ ಮೊದಲಲ್ಲಿ ಅಫೊನ್ಸೊ ದ ಅಲ್ಬುಕರ್ಕ್ ಹಡಗುಪಡೆ ತೆಗೆದುಕೊಂಡು ಕೆಂಪು ಸಮುದ್ರದ ಕಡೆಗೆ ಹೊರಟಿದ್ದ. ಗೋವಾ ಅವನ ಲೆಕ್ಕದಲ್ಲೇ ಇರಲಿಲ್ಲ. ನಮ್ಮ ಕರಾವಳಿಯ ಹತ್ತಿರ ತಿಮ್ಮಯ್ಯ ಅವನನ್ನು ಕಂಡು ಹೇಳಿದ: ಅಲ್ಲಿಗೆ ಯಾಕೆ ಹೋಗ್ತೀರಿ, ಗೋವಾ ನೋಡಿ, ಅಲ್ಲಿನ ಆದಿಲ್ ಶಾಹಿ ದೊರೆ ಸತ್ತಿದ್ದಾನೆ, ಮಗ ಚಿಕ್ಕವ, ಅಲ್ಲಿನ ಹಿಂದೂಗಳಿಗೆ ತೆರಿಗೆಯ ಕಾಟ, ಅವರು ಒಳಗಿಂದ ಸಹಾಯ ಮಾಡ್ತಾರೆ. ಇದು ನನ್ನ ಮಾತಲ್ಲಿ, ಆದರೆ ಸಾರ ಅದೇ. ಅಲ್ಬುಕರ್ಕ್ ಹಡಗು ತಿರುಗಿಸಿದ. ಫೆಬ್ರುವರಿಯಲ್ಲಿ ಗೋವಾ ಹೆಚ್ಚು ಹೊಡೆದಾಟವಿಲ್ಲದೆ ಕೈಗೆ ಬಂತು. ಮೇ ತಿಂಗಳಲ್ಲಿ ಆದಿಲ್ ಶಾಹಿ ಸೈನ್ಯ ಬಂದು ಓಡಿಸಿತು.

ಮಳೆಗಾಲ ಮುಗಿಸಿ ಎರಡನೇ ಸಲ ಹೊರಟ ಅಲ್ಬುಕರ್ಕ್ ಹೊನ್ನಾವರಕ್ಕೆ ಬಂದಾಗ ಇಲ್ಲಿ ಮದುವೆ ಸಂಭ್ರಮ. ಮದುಮಗ ತಿಮ್ಮಯ್ಯನೇ, ಹುಡುಗಿ ಗೇರುಸೊಪ್ಪೆಯ ರಾಣಿಯ ಮನೆಯವಳು. ಅಲ್ಬುಕರ್ಕನ ಮಗ ಅಪ್ಪನ ದಾಖಲೆಗಳಿಂದ ಮಾಡಿದ ಪುಸ್ತಕದಲ್ಲಿ ಇದು ಇದೆ. ಯುದ್ಧಕ್ಕೆ ಹೊರಟವ ಮದುವೆಮನೆಯ ಬಾಗಿಲಲ್ಲಿ ನಿಂತು "ಬರ್ತೀಯೋ ಇಲ್ವೋ" ಅಂತ ಕೇಳೋದನ್ನ ಸ್ವಲ್ಪ ಊಹಿಸಿ.

1510 ನವೆಂಬರ್ 25, ಸಂತ ಕ್ಯಾಥರೀನಳ ದಿನ, ಗೋವಾ ಬಿತ್ತು. ಕಮಾನಿನ ಹಿಂಬದಿ ಅವಳು ನಿಂತಿರೋದು ಅದಕ್ಕೇ. ಆಮೇಲಿನ ದಿನಗಳಲ್ಲಿ ಊರಿನ ಮುಸ್ಲಿಮರನ್ನು ಗಂಡಸು, ಹೆಂಗಸು, ಮಕ್ಕಳು ಅನ್ನದೆ ಕೊಂದರು. ಸುಮಾರು 6000 ಅಂತ ಅಲ್ಬುಕರ್ಕ್ ತಾನೇ ತನ್ನ ರಾಜನಿಗೆ ಬರೆದ, ಹೆಮ್ಮೆಯಿಂದ.

ತಿಮ್ಮಯ್ಯನಿಗೆ ಏನು ಸಿಕ್ಕಿತು? ಗೋವಾದ ಜಮೀನುಗಳ ತೆರಿಗೆ ವಸೂಲಿಯ ಗುತ್ತಿಗೆ, ಒಂದಷ್ಟು ದಿನದ ಅಧಿಕಾರ. ಬೇಗನೇ ಅದು ಹೊನ್ನಾವರದ ಅರಸು ಮನೆತನದ ಮೆಲ್ರಾವ್ ಎಂಬವನ ಕೈಗೆ ಹೋಯಿತು. ಆದಿಲ್ ಶಾಹಿಯವರ ಮುಂದೆ ಸೋತು ತಿಮ್ಮಯ್ಯ ವಿಜಯನಗರಕ್ಕೆ ಹೋದ, ಅಲ್ಲೇ ಸತ್ತ.

ಅವನು ದ್ರೋಹಿಯೋ ವೀರನೋ ಅಂತ ನನ್ನನ್ನ ಎಷ್ಟೋ ಮಂದಿ ಕೇಳಿದ್ದಾರೆ. ನನಗೆ ಎರಡೂ ಒಪ್ಪಿಗೆ ಇಲ್ಲ. "ದೇಶ" ಅನ್ನೋ ಮಾತನ್ನು ನಾವು ಈಗ ಬಳಸೋ ಹಾಗೆ ಅವನು ಬಳಸಿರಲಿಕ್ಕಿಲ್ಲ. ಅವನ ಲೆಕ್ಕ ಬಂದರಿನದ್ದು. ಗೋವಾ ಹೊನ್ನಾವರಕ್ಕೆ ಎದುರಾಳಿ ಬಂದರು, ಹೊಸಬರ ಕೈಯಲ್ಲಿ ಅದನ್ನು ಬೀಳಿಸಿ ತಾನು ಆಳೋಣ ಅಂದುಕೊಂಡ. ಲೆಕ್ಕ ತಪ್ಪಿತು. ಆ ತಪ್ಪಿಗೆ ಬೆಲೆ ತೆತ್ತವರು ಯಾರು ಅನ್ನೋದು ಮುಂದಿನ ಪೋಸ್ಟಿನಲ್ಲಿ.

5
ಕಮಾನು ದಾಟಿ ಮೇಲೆ ಬಂದರೆ ಎಡಕ್ಕೆ ಸಂತ ಕಾಯೆತಾನ ಇಗರ್ಜಿ. ಅದನ್ನು ಕಟ್ಟಿದವರು ಇಟಲಿಯ ಪಾದ್ರಿಗಳು, ರೋಮಿನ ಸಂತ ಪೀಟರ್ ಇಗರ್ಜಿಯ ಮಾದರಿಯಲ್ಲಿ. ಅದರ ಎದುರಿನ ಹುಲ್ಲಿನಲ್ಲಿ ಒಂದು ಬಾಗಿಲ ಚೌಕಟ್ಟು ಒಂಟಿಯಾಗಿ ನಿಂತಿದೆ (ನಾಲ್ಕನೇ ಫೋಟೋ). ಕಪ್ಪು ಕಲ್ಲು, ನಯವಾದ ಕೆತ್ತನೆ, ಎರಡೂ ಕಡೆ ಜಾಲಿ. ಗೋಡೆ ಇಲ್ಲ, ಮನೆ ಇಲ್ಲ. ಇದು ಆದಿಲ್ ಶಾಹಿ ಅರಮನೆಯಲ್ಲಿ ಉಳಿದದ್ದು. ಗೆದ್ದ ವೈಸರಾಯ್‌ಗಳು 1695ರವರೆಗೆ ಆ ಅರಮನೆಯಲ್ಲೇ ಇದ್ದರು.

ಈ ಊರು ಹುಟ್ಟಿದ್ದು ಹೇಗೆ ಗೊತ್ತಾ? ಜೊವಾವ್ ದ ಬಾರೋಸ್ ಅನ್ನುವ ಪೋರ್ಚುಗೀಸ್ ಇತಿಹಾಸಕಾರ ಹೇಳುವ ಪ್ರಕಾರ, 15ನೇ ಶತಮಾನದ ಕೊನೆಯ ಭಾಗದಲ್ಲಿ ಭಟ್ಕಳ, ಹೊನ್ನಾವರದ ಮುಸ್ಲಿಂ ವ್ಯಾಪಾರಿಗಳು ವಿಜಯನಗರದ ಬದಲು ಅದರ ಎದುರಾಳಿಗಳಾದ ಬಹಮನಿಯವರಿಗೆ ಕುದುರೆ ಮಾರಿದರು ಅಂತ ವಿಜಯನಗರದ ಕಡೆಯವರು ಅವರನ್ನು ಕೊಲ್ಲಿಸಿದರು. ಬದುಕಿದವರು ಉತ್ತರಕ್ಕೆ ಓಡಿ ಮಾಂಡೋವಿ ದಡದಲ್ಲಿ ಹೊಸ ಪೇಟೆ ಕಟ್ಟಿದರು. ಅದೇ ಈಗಿನ ಓಲ್ಡ್ ಗೋವಾ.

ಅಂದ್ರೆ ಆ ಕಮಾನಿನ ಹಿಂದಿನ ಊರಿನ ಅಡಿಪಾಯ ಹಾಕಿದವರು ನಮ್ಮ ಊರಿಂದ ಜೀವ ಹಿಡಿದುಕೊಂಡು ಹೋದವರು. 1510ರಲ್ಲಿ ಸತ್ತವರಲ್ಲಿ ಅವರ ಮಕ್ಕಳು, ಮೊಮ್ಮಕ್ಕಳು ಇದ್ದೇ ಇರಬೇಕು. ಅಲ್ಲಿಗೆ ಹಡಗುಪಡೆಯನ್ನ ತಿರುಗಿಸಿದವನೂ ಹೊನ್ನಾವರದವನು. ಇದನ್ನ ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯಿತು. ಭಟ್ಕಳದ ಗೆಳೆಯರಿಗೆ ಮೊದಲು ಓದಿ ಹೇಳಿದೆ. "ಇದ್ದದ್ದು ಇದ್ದ ಹಾಗೆ ಬರಿ" ಅಂದರು.

ಮತ್ತೆ ಕುದುರೆ. ಹೊರ್ಮುಜ್‌ನಿಂದ ಬರುವ ಕುದುರೆ ಹಡಗೆಲ್ಲ ಇನ್ನು ಗೋವಾಕ್ಕೇ ಬರಬೇಕು, ಅಲ್ಲೇ ಸುಂಕ ಕಟ್ಟಬೇಕು ಅಂತ ಅಲ್ಬುಕರ್ಕ್ ಕಟ್ಟು ಮಾಡಿದ. ವಿಜಯನಗರಕ್ಕೆ ಕುದುರೆ ಇಳಿಸುತ್ತಿದ್ದ ಬಂದರು ನಮ್ಮ ಭಟ್ಕಳ. ಅದರ ದೊಡ್ಡ ವ್ಯಾಪಾರವೇ ಗೋವಾಕ್ಕೆ ಹೋಯಿತು. ತಿಮ್ಮಯ್ಯನ ಲೆಕ್ಕ ತಪ್ಪಿತು ಅಂದದ್ದು ಇದಕ್ಕೇ.

6
ಒಂದು ತಮಾಷೆ ಹೇಳ್ತೇನೆ, ತುಂಬಾ ಭಾರ ಆಯ್ತು.

ಗೋವಾದವರಿಗೆ ರೋಮಿನ ಹುಚ್ಚು ಈ ಕಮಾನಿಗಿಂತ ಮೊದಲೇ ಇತ್ತು. 1546ರಲ್ಲಿ ದಿವು ಗೆದ್ದ ಗವರ್ನರ್ ಜೊವಾವ್ ದ ಕಾಸ್ತ್ರೊ ಮರುವರ್ಷ ಗೋವಾದೊಳಗೆ ಬಂದದ್ದು ಥೇಟು ರೋಮನ್ ಸೇನಾಪತಿಯ ಹಾಗೆ. ತಲೆಗೆ ಎಲೆಯ ಕಿರೀಟ, ಮುಂದೆ ಸೆರೆಯಾಳುಗಳು, ನೆಲಕ್ಕೆ ಎಳೆಯುತ್ತಾ ತಂದ ಸೋತವರ ಬಾವುಟ, ಅವನು ಬರಲಿ ಅಂತ ಊರಿನ ಗೋಡೆಯನ್ನೇ ಒಂದು ಕಡೆ ಒಡೆದಿದ್ದರು. ಲಿಸ್ಬನ್‌ನಲ್ಲಿ ರಾಣಿ ಇದನ್ನು ಕೇಳಿ, ಗೆದ್ದದ್ದು ಕ್ರೈಸ್ತನ ಹಾಗೆ, ಮೆರೆದದ್ದು ಅನ್ಯಧರ್ಮದವನ ಹಾಗೆ ಅಂತ ಕುಟುಕಿದಳಂತೆ.

ಇನ್ನು ನಮ್ಮ ಕಮಾನಿನ ವಾಸ್ಕೊ. ಮರಿಮಗ ಫ್ರಾನ್ಸಿಸ್ಕೊನ ಅಧಿಕಾರ ಅಲ್ಲಿನ ಪೋರ್ಚುಗೀಸರಿಗೇ ಸಾಕಾಗಿತ್ತು. 1600ರಲ್ಲಿ ಅವನು ಹೊರಡುವ ಹೊತ್ತಿಗೆ ಅವರು ವಾಸ್ಕೊನ ಮೂರ್ತಿಯನ್ನ ಎಳೆದು ಬೀಳಿಸಿ ತುಂಡು ಮಾಡಿದರು. ಯಾರೋ ಹೊರಗಿನ ಶತ್ರುಗಳಲ್ಲ, ಅವರದ್ದೇ ಜನ. ಆಮೇಲೆ ಮತ್ತೆ ಕೂರಿಸಿದರು. ನಾವು ಈಗ ನೋಡೋ ಕಮಾನಂತೂ 1954ರಲ್ಲಿ ಪೂರ್ತಿ ಮತ್ತೆ ಕಟ್ಟಿದ್ದು. ಏಳೇ ವರ್ಷಕ್ಕೆ, 1961ರ ಡಿಸೆಂಬರಿನಲ್ಲಿ, ಪೋರ್ಚುಗೀಸರು ಗೋವಾ ಬಿಟ್ಟರು. ಸೋತವರ ಆ ಕಪ್ಪು ಚೌಕಟ್ಟು ಮಾತ್ರ ಗೋಡೆಯ ಆಸರೆ ಇಲ್ಲದೆ ಇನ್ನೂ ನಿಂತಿದೆ.

7
ಊರಿಗೆ ವಾಪಸ್ ಬರೋಣ.

1569ರಲ್ಲಿ ವೈಸರಾಯ್ ಲುಯಿಸ್ ದ ಅತಾಯಿದ ಹೊನ್ನಾವರವನ್ನೇ ಹಿಡಿದು ಅಲ್ಲಿ ಕೋಟೆ ಇಟ್ಟುಕೊಂಡ. ಗೇರುಸೊಪ್ಪೆಯ ರಾಣಿ ಮರುವರ್ಷ ಬಿಜಾಪುರದ ಸಹಾಯದಿಂದ ಬಿಡಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಮುಂದೆ 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕನ ಕಾಲಕ್ಕೆ ಅದು ಅವರ ಕೈ ಬಿಟ್ಟಿತು.

ಅದೇ 1560ರ ದಶಕದಲ್ಲಿ ಗೋವಾದಲ್ಲಿ ದೇವಸ್ಥಾನಗಳು ಬಿದ್ದವು. ಕುಶಸ್ಥಳಿಯ ಮಂಗೇಶನನ್ನು ಹೊಳೆ ದಾಟಿಸಿ ಪ್ರಿಯೋಳಕ್ಕೆ ಒಯ್ದರು, ಕೆಳಶಿಯ ಶಾಂತಾದುರ್ಗೆ ಕವಳೆಗೆ, ವೆರ್ಣೆಯ ಮ್ಹಾಳಸೆ ಮ್ಹಾರ್ದೋಳಕ್ಕೆ. ಎಷ್ಟೋ ಮನೆಗಳು ದೇವರನ್ನ ಅಲ್ಲಿ ಬಿಟ್ಟು ತಾವು ದಕ್ಷಿಣಕ್ಕೆ ಹೊರಟವು: ಕುಮಟೆ, ಹೊನ್ನಾವರ, ಭಟ್ಕಳ, ಬಸರೂರು. ಭಟ್ಕಳದಿಂದ ಓಡಿದವರು ಗೋವಾ ಕಟ್ಟಿದರು, ಗೋವಾದಿಂದ ಓಡಿದವರು ನಮ್ಮ ಪೇಟೆಗಳಲ್ಲಿ ಅಂಗಡಿ ಹಾಕಿದರು. ಆಯಿ ವರ್ಷಕ್ಕೊಮ್ಮೆ ಅಷ್ಟು ದೂರ ಹಣ್ಣುಕಾಯಿಗೆ ಹೋಗೋದಕ್ಕೆ ಕಾರಣ ಆ ಕಮಾನು ಎಬ್ಬಿಸಿದವರೇ. ಅವಳಿಗೆ ಇದನ್ನ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಾವು ಆ ಬದಿಯಿಂದ ಸುತ್ತು ಹಾಕಿ ಹೋಗೋಣ" ಅಂದಳು. ಮೊಣಕಾಲು ನೋವಿನಲ್ಲೂ ಕಮಾನಿನ ಅಡಿಯಿಂದ ಹೋಗಲಿಲ್ಲ, ಹೊರಗಿಂದ ಬಳಸಿಕೊಂಡೇ ಬಂದಳು. ನಾನು ಒಳಗಿಂದ ನಡೆದೆ. ಫೋಟೋ ಬೇಕಿತ್ತಲ್ಲ.

ಕೊನೆಗೆ ಒಬ್ಬ ಇಟಲಿಯವ, ಸೋದರಳಿಯನಿಗೋಸ್ಕರ. 1623ರಲ್ಲಿ ಪಿಯೆತ್ರೊ ದೆಲ್ಲ ವಾಲ್ಲೆ ಅನ್ನುವ ರೋಮಿನ ಶ್ರೀಮಂತ ಗೋವಾದಿಂದ ಹೊನ್ನಾವರಕ್ಕೆ ಬಂದ. ಆಗ ಗೋವಾದಲ್ಲಿ ವೈಸರಾಯ್ ಯಾರು? ಅದೇ ಫ್ರಾನ್ಸಿಸ್ಕೊ ದ ಗಾಮ, ಎರಡನೇ ಸರ್ತಿ. ದೆಲ್ಲ ವಾಲ್ಲೆಯ ಹೆಂಡತಿ ಪರ್ಷಿಯಾದಲ್ಲಿ ತೀರಿಕೊಂಡಿದ್ದಳು, ಅವಳ ಶವಕ್ಕೆ ಲೇಪ ಮಾಡಿಸಿ ಪೆಟ್ಟಿಗೆಯಲ್ಲಿಟ್ಟುಕೊಂಡೇ ಇಂಡಿಯಾಕ್ಕೆ ಬಂದಿದ್ದ, ಮುಂದೆ ರೋಮಿನಲ್ಲೇ ಮಣ್ಣು ಮಾಡಿದ. ಹೊನ್ನಾವರದಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಹೊರಟ. ಜೊತೆಗೆ ಕೆಳದಿಯ ವೆಂಕಟಪ್ಪ ನಾಯಕನ ಕಡೆಯ ರಾಯಭಾರಿ ವಿಠ್ಠಲ ಶೆಣೈ, ಹೆಸರೇ ಹೇಳುವ ಹಾಗೆ ಕೊಂಕಣಿಯವ.

ಶರಾವತಿಯ ಮೇಲೆ ದೋಣಿಯಲ್ಲಿ ಹೋಗುತ್ತಾ, ತನ್ನ ಜೀವಮಾನದಲ್ಲಿ ಕಂಡ ಅತಿ ಚಂದದ ಹೊಳೆಗಳಲ್ಲಿ ಇದೊಂದು ಅಂತ ಬರೆದ. ಗೇರುಸೊಪ್ಪೆ ಮುಟ್ಟಿದಾಗ ಅಲ್ಲಿ ಊರು ಇರಲಿಲ್ಲ. ವೆಂಕಟಪ್ಪ ನಾಯಕನೇ ಅದನ್ನು ಹಾಳು ಮಾಡಿ ಹೆಚ್ಚು ವರ್ಷ ಆಗಿರಲಿಲ್ಲ. ಅರಮನೆ ಇದ್ದ ಜಾಗದಲ್ಲಿ ಮರಗಳು, ಅಲ್ಲಲ್ಲಿ ಒಕ್ಕಲಿನವರ ಗುಡಿಸಲು. ಪೋರ್ಚುಗೀಸರು ಅಲ್ಲಿನ ರಾಣಿಯನ್ನ "ಮೆಣಸಿನ ರಾಣಿ" ಅಂತ ಕರೀತಿದ್ದರು ಅನ್ನೋದನ್ನೂ ಅವನೇ ಬರೆದಿದ್ದಾನೆ.

ಐದನೇ ಫೋಟೋ ಗೇರುಸೊಪ್ಪೆಯ ನಗರಬಸ್ತಿಕೇರಿಯ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಒಳಗೆ ಬೆನ್ನಿಗೆ ಬೆನ್ನು ಕೊಟ್ಟು ಕೂತ ನಾಲ್ಕು ಜಿನರು. ಹೊನ್ನಾವರದಿಂದ ಬಸ್ಸು ಇದೆ, ಕೊನೆಗೆ ಹೊಳೆ ದಾಟಿ ಕಾಡೊಳಗೆ ಹೋಗಬೇಕು. ಮಳೆಗಾಲದಲ್ಲಿ ಹೋದರೆ ಜಿಗಣೆಗೆ ಉಪ್ಪು ಒಯ್ಯಿರಿ.

ಹುಡುಗನಿಗೆ ಐದೂ ಫೋಟೋ ಕಳಿಸಿದೆ. ಡಿಸೆಂಬರಿಗೆ ಊರಿಗೆ ಬರ್ತಾನಂತೆ, ಮೊದಲು ಬಸದಿ ನೋಡಬೇಕಂತೆ.

ಮುಂದಿನ ವಾರ: ಮಿರ್ಜಾನ್ ಕೋಟೆಯ ಬಾಗಿಲು.

#ಕರಾವಳಿಯಕಲ್ಲುಗಳು #ಹೊನ್ನಾವರ #ಭಟ್ಕಳ #ಕುಮಟಾ #ಗೇರುಸೊಪ್ಪೆ #ಉತ್ತರಕನ್ನಡ #ಇತಿಹಾಸ